ಮರದಿಂದ ಜೋಲುವ ಕಲ್ಲುಹೂವು: ಗುರುತಿಸುವ ಬಗೆ



ರಜೆಗೆ ಊರಿಗೆ ಹೋಗಿಬಂದ ಕೊಡಗಿನ ಕಡೆಯ ಸದಸ್ಯರೊಬ್ಬರು ನಮ್ಮ ಪ್ರಶ್ನೆಪೆಟ್ಟಿಗೆಯಲ್ಲಿ ಒಂದು ಚೀಟಿಯನ್ನು ಹಾಕಿದ್ದಾರೆ. ಅವರ ತೋಟದ ಹಳೆಯ ಕಿತ್ತಳೆ ಮರಗಳಲ್ಲಿ ಬೂದುಹಸುರು ಬಣ್ಣದ ಗಡ್ಡದಂತಹ ವಸ್ತು ಜೋತಾಡುತ್ತಿದೆಯಂತೆ. ಅದು ಮರದ ರಸ ಹೀರುವ ರೋಗವೆಂದು ಮನೆಯಲ್ಲಿ ಅಣ್ಣನವರು ನಂಬಿದ್ದಾರೆ. ಬರುವ ಬೇಸಗೆಯಲ್ಲಿ ಆ ಮರಗಳನ್ನು ಕಡಿಸಿಬಿಡುವ ಯೋಚನೆಯೂ ಇದೆಯಂತೆ. "ಇದು ಏನು? ಮರ ಕಡಿಯಬೇಕೋ, ಬೇಡವೋ? ತಿಳಿದವರು ಹೇಳಬೇಕು" ಎಂದು ಚೀಟಿಯ ಕೊನೆಗೆ ಬರೆದಿದ್ದಾರೆ.

ಮರ ಕಡಿಯುವುದು ಅರ್ಧ ದಿನದ ಕೆಲಸ, ಬೆಳೆಸುವುದು ಹತ್ತು ವರ್ಷದ ಕೆಲಸ. ಆದಕಾರಣ ಈ ತಿಂಗಳ ಪಾಠಕ್ಕೆ ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇವೆ. ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರು, ಮೆಟ್ರಿಕ್‌ವರೆಗೆ ಓದಿದವರು, ಸಸ್ಯಶಾಸ್ತ್ರಿಗಳೆಂದು ಹೇಳಿಕೊಳ್ಳುವವರಲ್ಲ. ಆದರೆ ಈ ವಿಷಯದ ಮೊದಲ ಪಾಠಕ್ಕೆ ದೊಡ್ಡ ವಿದ್ಯೆಯೂ ಬೇಡ, ದೊಡ್ಡ ಯಂತ್ರವೂ ಬೇಡ. ಕಣ್ಣು, ಬೆರಳು, ಒಂದು ಲೋಟ ನೀರು, ಒಂದು ಸಣ್ಣ ಮಸೂರ ಇಷ್ಟಿದ್ದರೆ ಸಾಕು.

೧. ಮಸಾಲೆ ಡಬ್ಬಿಯಲ್ಲಿರುವ ನೆಂಟ

ಮರದಿಂದ ಜೋಲುವ ಈ ಗಡ್ಡ ಕಲ್ಲುಹೂವಿನ ಕುಲಕ್ಕೆ ಸೇರಿದ್ದು. ಕಲ್ಲುಹೂವನ್ನು ಕಾಣದ ಕನ್ನಡಿಗರು ವಿರಳ. ಸಾಗುವಿಗೂ ಪಲಾವಿಗೂ ಹಾಕುವ ಮಸಾಲೆಯಲ್ಲಿ, ಒಂದು ಕಡೆ ಬೂದು ಬಣ್ಣ, ಇನ್ನೊಂದು ಕಡೆ ಕಪ್ಪು ಬಣ್ಣದ, ಹರಿದ ಕಾಗದದ ಚೂರಿನಂತಹ ಪದಾರ್ಥವೇ ಅದು. ಇಲ್ಲಿ ಮುಂಬಯಿಯ ಅಂಗಡಿಯಲ್ಲಿ ದಗಡ್ ಫೂಲ್ ಎಂದು ಕೇಳಬೇಕು. ಹಿಂದಿಯವರಿಗೆ ಪತ್ಥರ್ ಫೂಲ್, ತಮಿಳರಿಗೆ ಕಲ್ಪಾಸಿ. ಹೆಸರಿನಲ್ಲಿ ಕಲ್ಲೂ ಇದೆ, ಹೂವೂ ಇದೆ. ಆದರೆ ಇದು ಹೂವಲ್ಲ. ಕಲ್ಲಿನ ಮೇಲೆ ಮಾತ್ರ ಬೆಳೆಯುವುದೂ ಅಲ್ಲ. ಶಾಲೆಯ ಪುಸ್ತಕಗಳಲ್ಲಿ ಲೈಕೆನ್ ಎಂದು ಓದಿದ ನೆನಪು ಕೆಲವರಿಗೆ ಇರಬಹುದು.

ಕಲ್ಲುಹೂವು ಒಂದೇ ಜೀವವಲ್ಲ, ಒಂದು ಕೂಡುಸಂಸಾರ. ಹಳಸಿದ ರೊಟ್ಟಿಯ ಮೇಲೆ ಬರುವ ಬೂಷ್ಟಿನ ಜಾತಿಯ ಶಿಲೀಂಧ್ರವೊಂದು ಮನೆ ಕಟ್ಟುತ್ತದೆ. ನೀರಿನ ತೊಟ್ಟಿಯಲ್ಲಿ ಕಾಣುವ ಪಾಚಿಯ ಜಾತಿಯ ಹಸುರು ಕಣಗಳು ಆ ಮನೆಯೊಳಗೆ ಕುಳಿತು ಬಿಸಿಲಿನ ಬಲದಿಂದ ಅಡಿಗೆ ಮಾಡುತ್ತವೆ. ಶಿಲೀಂಧ್ರಕ್ಕೆ ತಾನೇ ಅನ್ನ ಮಾಡಿಕೊಳ್ಳುವ ಶಕ್ತಿಯಿಲ್ಲ. ಪಾಚಿಗೆ ಒಣಗಾಳಿಯನ್ನು ತಾಳುವ ಶಕ್ತಿಯಿಲ್ಲ. ಇಬ್ಬರೂ ಕೂಡಿದಾಗ, ಒಬ್ಬೊಬ್ಬರೇ ಬದುಕಲಾರದ ಬಂಡೆಯ ಮೇಲೂ ತೊಗಟೆಯ ಮೇಲೂ ಬದುಕು ನಡೆಯುತ್ತದೆ. ಈ ಮಾತನ್ನು ಮೊದಲು ಸ್ಪಷ್ಟವಾಗಿ ಹೇಳಿದವರು ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಎಂಬ ವಿದ್ವಾಂಸರು, ೧೮೬೭ರಲ್ಲಿ. ಅಂದಿನ ಹಲವು ಪಂಡಿತರು ಅದನ್ನು ಒಪ್ಪಲಿಲ್ಲ. ಇಂದು ಒಪ್ಪದವರಿಲ್ಲ.

ಜಗತ್ತಿನಲ್ಲಿ ಸುಮಾರು ೨೦,೦೦೦ ಬಗೆಯ ಕಲ್ಲುಹೂವುಗಳಿವೆ. ನಮ್ಮ ದೇಶದಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಿದ್ದಾರೆ. ರೂಪದಲ್ಲಿ ಅವನ್ನು ಸ್ಥೂಲವಾಗಿ ಮೂರು ಗುಂಪು ಮಾಡುವುದುಂಟು. ಸುಣ್ಣ ಬಳಿದಂತೆ ತೊಗಟೆಗೆ ಅಂಟಿಕೊಂಡದ್ದು ಒಂದು. ಎಲೆಯಂತೆ ಅಗಲವಾಗಿ ಹರಡಿದ್ದು ಎರಡನೆಯದು, ಮಸಾಲೆಯ ಕಲ್ಲುಹೂವು ಇದಕ್ಕೆ ಸೇರುತ್ತದೆ. ಪೊದೆಯಂತೆ ನಿಂತಿರುವುದು ಅಥವಾ ಗಡ್ಡದಂತೆ ಜೋಲುವುದು ಮೂರನೆಯದು. ನಮ್ಮ ಇಂದಿನ ಪಾಠ ಮೂರನೆಯ ಗುಂಪಿನಲ್ಲಿ ಜೋಲುವವುಗಳನ್ನು ಕುರಿತದ್ದು.

೨. ಇದು ಮರವನ್ನು ತಿನ್ನುತ್ತದೆಯೇ?

ಚೀಟಿ ಬರೆದ ಮಿತ್ರರಿಗೆ ಮೊದಲು ಬೇಕಾದ ಉತ್ತರ ಇದು. ತಿನ್ನುವುದಿಲ್ಲ. ಕಲ್ಲುಹೂವಿಗೆ ಮರದೊಳಗೆ ಇಳಿದು ರಸ ಹೀರುವ ಬೇರು ಇಲ್ಲ. ಅದಕ್ಕೆ ಬೇಕಾದ ನೀರು ಮಳೆ, ಮಂಜು, ಇಬ್ಬನಿಗಳಿಂದ ಬರುತ್ತದೆ. ಆಹಾರವನ್ನು ಒಳಗಿನ ಪಾಚಿ ಮಾಡಿಕೊಡುತ್ತದೆ. ಮರ ಅದಕ್ಕೆ ಕುಳಿತುಕೊಳ್ಳುವ ಪೀಠ, ಅಷ್ಟೆ. ಅದೇ ಕಲ್ಲುಹೂವು ಬೇಲಿಯ ಒಣಗೂಟದ ಮೇಲೂ ಬೆಳೆಯುವುದನ್ನು ನೋಡಿದರೆ ಈ ಮಾತು ಮನವರಿಕೆಯಾಗುತ್ತದೆ. ಒಣಗೂಟದಲ್ಲಿ ಹೀರಲು ರಸವೆಲ್ಲಿಂದ ಬರಬೇಕು?

ಬದನಿಕೆಯ ವಿಚಾರ ಬೇರೆ. ಅದು ಮಾವು ಹಲಸುಗಳ ಕೊಂಬೆಯೊಳಕ್ಕೆ ತನ್ನ ಬೇರನ್ನು ಇಳಿಸಿ ನೀರನ್ನು ಕದಿಯುತ್ತದೆ. ಅದನ್ನು ಕತ್ತರಿಸಿ ತೆಗೆಯುವುದು ನ್ಯಾಯ. ಆ ಕಳ್ಳನಿಗೆ ಕೊಡುವ ಶಿಕ್ಷೆಯನ್ನು ಪಕ್ಕದ ಜಗಲಿಯಲ್ಲಿ ಕುಳಿತ ಅತಿಥಿಗೆ ಕೊಡಬಾರದು.

ಹಾಗಾದರೆ ಸೊರಗಿದ ಮರದಲ್ಲಿಯೇ ಗಡ್ಡ ಹೆಚ್ಚಾಗಿ ಕಾಣುವುದೇಕೆ? ಕಾರಣ ತಲೆಕೆಳಗಾಗಿದೆ. ಮರ ಬೇರೆ ಕಾರಣದಿಂದ ಸೊರಗಿ ಎಲೆ ಉದುರಿಸಿದಾಗ ಕೊಂಬೆಗಳ ಮೇಲೆ ಬೆಳಕು ಬೀಳುತ್ತದೆ. ಬೆಳಕು ಬಂದಲ್ಲಿ ಕಲ್ಲುಹೂವು ಚೆನ್ನಾಗಿ ಬೆಳೆಯುತ್ತದೆ. ಅಂದರೆ ಗಡ್ಡ ಬಂದುದರಿಂದ ಮರ ಸೊರಗಲಿಲ್ಲ. ಮರ ಸೊರಗಿದುದರಿಂದ ಗಡ್ಡಕ್ಕೆ ಅನುಕೂಲವಾಯಿತು. ಆದಕಾರಣ ಅಣ್ಣನವರು ಕೊಡಲಿ ಎತ್ತುವ ಮೊದಲು ಬುಡವನ್ನು ನೋಡಲಿ: ನೀರು ನಿಂತು ಬೇರು ಕೊಳೆತಿದೆಯೇ, ಕಾಂಡದಲ್ಲಿ ಕೊರಕದ ತೂತುಗಳಿವೆಯೇ, ಎಲೆ ಅಕಾಲದಲ್ಲಿ ಹಳದಿಯಾಗಿದೆಯೇ, ಎಷ್ಟು ವರ್ಷದಿಂದ ಗೊಬ್ಬರ ಬಿದ್ದಿಲ್ಲ? ಎಲೆ ಮತ್ತು ಬೇರಿನ ತುಂಡುಗಳನ್ನು ಹತ್ತಿರದ ತೋಟಗಾರಿಕೆ ಇಲಾಖೆಯವರಿಗೆ ತೋರಿಸಲಿ. ಗಡ್ಡವನ್ನು ಕತ್ತಿಯಿಂದ ಕೆರೆದು ತೆಗೆದರೆ ತೊಗಟೆಗೆ ಗಾಯವಾಗಿ, ನಿಜವಾದ ರೋಗಕ್ಕೆ ಬಾಗಿಲು ತೆರೆದಂತಾಗುತ್ತದೆ.

೩. ಗಡ್ಡವಿದ್ದದ್ದೆಲ್ಲ ಕಲ್ಲುಹೂವಲ್ಲ

ಈಗ ಗುರುತಿಸುವ ಕೆಲಸಕ್ಕೆ ಬರೋಣ. ಮರದಿಂದ ಜೋಲುವ ಹಲವು ವಸ್ತುಗಳುಂಟು. ಕಲ್ಲುಹೂವು ಅಲ್ಲದವನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು.

ಹಾವಸೆ: ಮಳೆಗಾಲದಲ್ಲಿ ಗೋಡೆಯ ಮೇಲೆ ಹಸುರು ಮಖಮಲ್ಲಿನಂತೆ ಹಬ್ಬುವುದನ್ನು ಎಲ್ಲರೂ ಬಲ್ಲೆವು. ಘಟ್ಟದ ಮಂಜಿನ ಕಾಡುಗಳಲ್ಲಿ ಇದರ ಕೆಲವು ಜಾತಿಗಳು ಕೊಂಬೆಯಿಂದ ಗೊಂಚಲಾಗಿ ಜೋಲುತ್ತವೆ. ಮಸೂರ ಹಿಡಿದು ನೋಡಿದರೆ ದಾರದ ಉದ್ದಕ್ಕೂ ಸಣ್ಣ ಸಣ್ಣ ಎಲೆಗಳು ಕಾಣುತ್ತವೆ. ಕಲ್ಲುಹೂವಿಗೆ ಎಂದಿಗೂ ಎಲೆ ಇಲ್ಲ. ಎಲೆ ಕಂಡರೆ ಅದು ಹಾವಸೆ.

ಆಕಾಶಬಳ್ಳಿ: ಇದು ಹಳದಿ ಅಥವಾ ಹಸುರು ನೂಲಿನಂತೆ ಪೊದೆಗಳ ಮೇಲೆ ಸಿಕ್ಕುಸಿಕ್ಕಾಗಿ ಹರಡುತ್ತದೆ. ಒಂದು ಗಿಡದಿಂದ ಇನ್ನೊಂದಕ್ಕೆ ಸುತ್ತಿಕೊಂಡು ಹೋಗುತ್ತದೆ. ಮುರಿದರೆ ಒಳಗೆ ರಸವಿರುತ್ತದೆ. ಇದು ನಿಜವಾಗಿಯೂ ರಸ ಹೀರುವ ಜಾತಿ. ಕಲ್ಲುಹೂವು ಯಾವುದನ್ನೂ ಸುತ್ತಿಕೊಳ್ಳುವುದಿಲ್ಲ. ಒಂದು ಕಡೆ ಅಂಟಿಕೊಂಡು ಕೆಳಕ್ಕೆ ಜೋಲುತ್ತದೆ.

ಅಮೆರಿಕದ ಗಡ್ಡ: ಪಟ್ಟಣದ ನರ್ಸರಿಗಳಲ್ಲಿ ಬೆಳ್ಳಿಬೂದು ಬಣ್ಣದ ಗಡ್ಡದ ಗೊಂಚಲನ್ನು ಸ್ಪ್ಯಾನಿಷ್ ಮಾಸ್ ಎಂಬ ಹೆಸರಿನಿಂದ ಮಾರುತ್ತಾರೆ, ಬಾಲ್ಕನಿಯಲ್ಲಿ ತೂಗುಹಾಕುವವರುಂಟು. ಇದು ಹಾವಸೆಯೂ ಅಲ್ಲ, ಕಲ್ಲುಹೂವೂ ಅಲ್ಲ. ಅನಾನಸಿನ ಕುಟುಂಬಕ್ಕೆ ಸೇರಿದ, ಹೂ ಬಿಡುವ ಗಿಡ. ಶಾಸ್ತ್ರದಲ್ಲಿ ಇದರ ಹೆಸರು ಟಿಲಾಂಡ್ಸಿಯಾ ಉಸ್ನಿಯಾಯ್ಡಿಸ್, ಎಂದರೆ ಉಸ್ನಿಯಾದಂತೆ ಕಾಣುವ ಟಿಲಾಂಡ್ಸಿಯಾ. ನಿಜವಾದ ಉಸ್ನಿಯಾ ನಮ್ಮ ಮುಂದಿನ ಪಾಠ.

ಇವಲ್ಲದೆ ಇನ್ನೊಂದು ಸಾಮಾನ್ಯ ಪರೀಕ್ಷೆ ಉಂಟು. ಒಣಗಿದ ತುಂಡನ್ನು ನೀರಿನಲ್ಲಿ ಅದ್ದಿ. ಕಲ್ಲುಹೂವಾದರೆ ಒಣಗಿದಾಗ ಗರಿಗರಿಯಾಗಿದ್ದದ್ದು ಕ್ಷಣಮಾತ್ರದಲ್ಲಿ ಮೆತ್ತಗಾಗುತ್ತದೆ. ಬೂದು ಬಣ್ಣ ಇಳಿದು ಹಸುರು ಏರುತ್ತದೆ. ಹೊರಗಿನ ಪದರ ಒದ್ದೆಯಾದಾಗ ಪಾರದರ್ಶಕವಾಗಿ, ಒಳಗಿನ ಪಾಚಿ ಕಾಣಿಸುವುದೇ ಇದಕ್ಕೆ ಕಾರಣ.

೪. ಐದು ಮುಖ್ಯ ಬಗೆಗಳು

ಕಲ್ಲುಹೂವೆಂದು ಖಚಿತವಾದ ಮೇಲೆ ಮೂರು ಪ್ರಶ್ನೆ ಕೇಳಬೇಕು. ಎಳೆ ದಾರದಂತೆ ದುಂಡಗಿದೆಯೋ, ಲಾಡಿಯಂತೆ ಚಪ್ಪಟೆಯೋ? ಬಣ್ಣ ಯಾವುದು? ಎಳೆದರೆ ಏನಾಗುತ್ತದೆ? ಈ ಮೂರು ಉತ್ತರಗಳಿಂದ ಜೋಲುವ ಕಲ್ಲುಹೂವುಗಳ ಮುಖ್ಯ ಬಗೆಗಳನ್ನು ಬೇರ್ಪಡಿಸಬಹುದು. ಮಸೂರವಿಲ್ಲವೆಂದು ಕೊರಗಬೇಕಾಗಿಲ್ಲ, ಬಟ್ಟೆಯ ಎಳೆ ಎಣಿಸಲು ಗಿರಣಿಯ ತಪಾಸಣೆಯವರು ಬಳಸುವ ಮಡಿಸುವ ಮಸೂರವೇ ಇದಕ್ಕೆ ಬಹಳ ಚೆನ್ನಾಗಿ ಒದಗುತ್ತದೆ.

ಮೊದಲನೆಯದು, ಉಸ್ನಿಯಾ. ಎಳೆ ದುಂಡಗೆ, ಬಣ್ಣ ಹಳದಿ ಬೆರೆತ ಬೂದುಹಸುರು. ಒದ್ದೆಯಾದ ಎಳೆಯೊಂದನ್ನು ಎರಡು ಕೈಗಳಲ್ಲಿ ಹಿಡಿದು ಮೆಲ್ಲನೆ ಎಳೆಯಿರಿ. ಹೊರಗಿನ ಸಿಪ್ಪೆ ಅಲ್ಲಲ್ಲಿ ತುಂಡಾಗುತ್ತದೆ; ಆದರೆ ಎಳೆ ಕಡಿಯುವುದಿಲ್ಲ. ಸಿಪ್ಪೆಯ ತುಂಡುಗಳ ನಡುವೆ ಬಿಳಿಯ ನಡುದಾರವೊಂದು ರಬ್ಬರಿನಂತೆ ಹಿಗ್ಗುತ್ತ, ಮಣಿಸರದಂತೆ ಕಾಣುತ್ತದೆ. ಗಿರಣಿಯಲ್ಲಿ ಹಿಗ್ಗುವ ಬಟ್ಟೆಗಾಗಿ, ಒಳಗೆ ರಬ್ಬರಿನಂತಹ ಎಳೆಯಿಟ್ಟು ಮೇಲೆ ಹತ್ತಿಯನ್ನು ಸುತ್ತಿದ ನೂಲನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ನಡುದಾರವೇ ಉಸ್ನಿಯಾದ ಮುದ್ರೆ. ನಡುದಾರ ಕಂಡರೆ ಉಸ್ನಿಯಾ; ಕಾಣದಿದ್ದರೆ ಬೇರೆ ಬಗೆ. ಇಂಗ್ಲಿಷರು ಇದನ್ನು ಮುದುಕನ ಗಡ್ಡವೆಂದು ಕರೆಯುತ್ತಾರೆ. ಕೆಲವು ಎಳೆಗಳ ತುದಿಯಲ್ಲಿ ಸಣ್ಣ ತಟ್ಟೆಗಳಿದ್ದು, ಅವುಗಳ ಅಂಚಿನಿಂದ ಸೂರ್ಯನ ಕಿರಣಗಳಂತೆ ಕೂದಲುಗಳು ಹೊರಟಿರುತ್ತವೆ. ಇವು ಶಿಲೀಂಧ್ರದ ಬೀಜಕಣಗಳು ಹುಟ್ಟುವ ಸ್ಥಾನ.

ಪಶ್ಚಿಮ ಘಟ್ಟದ ಎತ್ತರದ, ಮಂಜು ಸುಳಿಯುವ ಕಾಡುಗಳಲ್ಲಿ ಹಲವು ಬಗೆಯ ಉಸ್ನಿಯಾಗಳಿವೆ. ಅವುಗಳಲ್ಲಿ ಒಂದಕ್ಕೆ ಉಸ್ನಿಯಾ ಘಾಟೆನ್ಸಿಸ್ ಎಂದು ನಮ್ಮ ಘಟ್ಟದ ಹೆಸರನ್ನೇ ಇಟ್ಟಿದ್ದಾರೆ. ದೆಹಲಿಯ ನಮ್ಮವರು ಹಿಮಾಲಯದ ಕಡೆ ಹೋದರೆ ಅತಿ ಉದ್ದದ ಉಸ್ನಿಯಾವನ್ನು, ಉಸ್ನಿಯಾ ಲಾಂಗಿಸ್ಸಿಮಾವನ್ನು ನೋಡಬಹುದು. ನಡುವೆ ಉದ್ದವಾದ ಒಂದೇ ಎಳೆ, ಅದರ ಎರಡು ಪಕ್ಕಕ್ಕೂ ಗಿಡ್ಡ ಗಿಡ್ಡ ಕವಲು; ಮೀನಿನ ಮುಳ್ಳಿನಂತೆ ಕಾಣುತ್ತದೆ. ಇದು ಮೂರು ಮೀಟರಿನವರೆಗೂ ಬೆಳೆಯಬಲ್ಲದು. ಈಗಿನ ಪಂಡಿತರು ಇದರ ಹೆಸರನ್ನು ಡೋಲಿಕುಸ್ನಿಯಾ ಎಂದು ಬದಲಾಯಿಸಿದ್ದಾರೆ. ಹಳೆಯ ಪುಸ್ತಕ ಓದುವವರು ಎರಡೂ ಒಂದೇ ಎಂದು ತಿಳಿಯಬೇಕು.

ಎರಡನೆಯದು, ರಾಮಲೈನಾ. ಇದು ಚಪ್ಪಟೆ ಲಾಡಿಯಂತೆ ಇರುತ್ತದೆ. ಎರಡು ಮಗ್ಗುಲೂ ಒಂದೇ ಬಣ್ಣ, ಮಾಸಲು ಹಸುರು. ಎಳೆದರೆ ಹಿಗ್ಗುವುದಿಲ್ಲ, ಹರಿಯುತ್ತದೆ, ಒಳಗೆ ನಡುದಾರವಿಲ್ಲ. ಘಟ್ಟದ ಕಾಡುಗಳಲ್ಲಿಯೂ ಕಾಫಿತೋಟದ ನೆರಳುಮರಗಳಲ್ಲಿಯೂ ಇದನ್ನು ಹುಡುಕಬಹುದು.

ಮೂರನೆಯದು, ಎವರ್ನಿಯಾಸ್ಟ್ರಮ್. ಇದೂ ಲಾಡಿಯೇ, ಆದರೆ ಮೇಲ್ಮಗ್ಗುಲು ತಿಳಿಬೂದು, ಕೆಳಮಗ್ಗುಲು ಕಪ್ಪು. ಲಾಡಿ ಕಾಲುವೆಯಂತೆ ಒಳಕ್ಕೆ ಬಾಗಿದ್ದು, ಅಂಚಿನಲ್ಲಿ ರೆಪ್ಪೆಯಂತೆ ಕಪ್ಪು ಕೂದಲುಗಳಿರುತ್ತವೆ. ಮಸಾಲೆಯ ಕಲ್ಲುಹೂವಿಗೆ ಇದು ಹತ್ತಿರದ ಬಂಧು. ಅಂಗಡಿಯಿಂದ ತಂದ ಪೊಟ್ಟಣವನ್ನು ಕಾಗದದ ಮೇಲೆ ಸುರಿದು ಬೇರ್ಪಡಿಸಿದರೆ ಅಗಲವಾದ ಚೂರುಗಳ ನಡುವೆ ಇದರ ಲಾಡಿಗಳೂ, ಒಮ್ಮೊಮ್ಮೆ ಉಸ್ನಿಯಾದ ಎಳೆಗಳೂ ಸಿಕ್ಕುತ್ತವೆ. ಆದ್ದರಿಂದ ಕಾಡಿಗೆ ಹೋಗಲಾರದವರು ಮೊದಲ ಅಭ್ಯಾಸವನ್ನು ಅಡಿಗೆಮನೆಯಲ್ಲಿಯೇ ಮಾಡಬಹುದು.

ನಾಲ್ಕನೆಯದು, ಬ್ರಯೋರಿಯಾ. ಕುದುರೆಯ ಬಾಲದ ಕೂದಲಿನಂತಹ ಕಂದು ಅಥವಾ ಕಪ್ಪು ಬಣ್ಣದ ಸಣ್ಣ ಎಳೆಗಳು. ದುಂಡಗಿದ್ದರೂ ನಡುದಾರವಿಲ್ಲ, ಎಳೆದರೆ ತಟ್ಟನೆ ಕಡಿಯುತ್ತದೆ. ಇದು ತಂಪು ಪ್ರದೇಶದ್ದು. ನಮ್ಮ ದೇಶದಲ್ಲಿ ಹಿಮಾಲಯದ ಎತ್ತರದ ಕಾಡುಗಳಲ್ಲಿ ಕಾಣುತ್ತದೆ.

ಐದನೆಯದು, ಟೆಲೋಸ್ಕಿಸ್ಟಿಸ್. ಇದರ ಎಳೆಗಳು ಕಿತ್ತಳೆ ಬೆರೆತ ಹೊನ್ನಿನ ಬಣ್ಣದವು. ನೀಲಗಿರಿಯಂತಹ ಎತ್ತರದ ಪ್ರದೇಶಗಳಲ್ಲಿ ಇದೆ. ಒಮ್ಮೆ ಕಂಡರೆ ಮರೆಯುವಂತಹುದಲ್ಲ.

ಈ ಐದೂ ಬೆಟ್ಟದ ತಂಪನ್ನು ಬಯಸುವವು. ಕಡಲತೀರದಲ್ಲಿರುವ ನಮ್ಮವರ ಪಾಲಿಗೆ ಆರನೆಯದೊಂದುಂಟು, ರೊಕ್ಸೆಲ್ಲಾ. ಸಮುದ್ರದ ಗಾಳಿ ಬೀಸುವ ಕಡೆ ಮರಗಳ ಕಾಂಡದ ಮೇಲೆ ಬೂದು ಬಣ್ಣದ ಚಪ್ಪಟೆ ಲಾಡಿಗಳಾಗಿ ಜೋಲುತ್ತದೆ. ಮೈಮೇಲೆ ಹಿಟ್ಟು ಉದುರಿದಂತಹ ಬಿಳಿಯ ಚುಕ್ಕೆಗಳಿರುತ್ತವೆ. ಬಣ್ಣದ ಖಾತೆಯಲ್ಲಿ ಕೆಲಸಮಾಡುವ ಮಿತ್ರರು ಇದನ್ನು ವಿಶೇಷವಾಗಿ ಗಮನಿಸಬೇಕು. ರಾಸಾಯನಿಕ ಬಣ್ಣಗಳು ಬರುವ ಮೊದಲು ಯುರೋಪಿನಲ್ಲಿ ಈ ಕುಲದ ಕಲ್ಲುಹೂವನ್ನು ಅಮೋನಿಯದಲ್ಲಿ ಕೊಳೆಯಿಸಿ ಉಣ್ಣೆಗೂ ರೇಷ್ಮೆಗೂ ನೇರಿಳೆ ಬಣ್ಣ ಹಾಕುತ್ತಿದ್ದರು. ಶಾಲೆಯಲ್ಲಿ ಆಮ್ಲ ಮತ್ತು ಕ್ಷಾರಗಳನ್ನು ತಿಳಿಯಲು ಅದ್ದಿದ ಲಿಟ್ಮಸ್ ಕಾಗದದ ಬಣ್ಣವೂ ಇದೇ ಮೂಲದಿಂದ ಬಂದದ್ದು.

೫. ಬ್ಲೀಚಿಂಗ್ ಪೌಡರ್ ಮತ್ತು ಕಾಸ್ಟಿಕ್

ರೂಪದಿಂದ ಕುಲವನ್ನು ಹೇಳಬಹುದು. ಒಳಜಾತಿಯನ್ನು ಹೇಳುವುದು ಕಷ್ಟ. ಉಸ್ನಿಯಾ ಒಂದರಲ್ಲಿಯೇ ನೂರಾರು ಜಾತಿಗಳಿವೆ. ಆಗ ಪಂಡಿತರು ರಸಾಯನದ ಸಹಾಯ ಪಡೆಯುತ್ತಾರೆ. ಅವರು ಬಳಸುವ ಎರಡು ದ್ರವಗಳೂ ನಮ್ಮ ಗಿರಣಿಗಳ ತೊಟ್ಟಿಗಳಲ್ಲಿರುವವುಗಳ ಒಡಹುಟ್ಟುಗಳೇ. ಒಂದು, ಬಟ್ಟೆಯನ್ನು ಬಿಳುಪು ಮಾಡುವ ಬ್ಲೀಚಿಂಗ್ ಪೌಡರಿನ ನೀರು. ಇನ್ನೊಂದು, ಕಾಸ್ಟಿಕ್ ಪೊಟ್ಯಾಷಿನ ನೀರು. ಕಲ್ಲುಹೂವಿನ ಮೇಲೆ ಒಂದು ಹನಿ ಬಿಟ್ಟು ಬಣ್ಣ ಬದಲಾಗುವುದನ್ನು ನೋಡುತ್ತಾರೆ. ರೊಕ್ಸೆಲ್ಲಾದ ಮೇಲೆ ಬ್ಲೀಚಿನ ಹನಿ ಬಿದ್ದರೆ ಕೆಂಪಾಗುತ್ತದೆ. ಹೊನ್ನಿನ ಬಣ್ಣದ ಟೆಲೋಸ್ಕಿಸ್ಟಿಸ್ ಮೇಲೆ ಕಾಸ್ಟಿಕ್ ಬಿದ್ದರೆ ನೇರಿಳೆ ಬಣ್ಣ ಬರುತ್ತದೆ. ಈ ಪರೀಕ್ಷೆಯನ್ನು ೧೮೬೬ರಲ್ಲಿ ಬಳಕೆಗೆ ತಂದವರು ಫಿನ್‌ಲೆಂಡಿನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲೆಸಿದ ವಿಲಿಯಂ ನೈಲಾಂಡರ್. ನೂರೈವತ್ತು ವರ್ಷ ಕಳೆದರೂ ಅದು ಇಂದಿಗೂ ನಡೆದುಬಂದಿದೆ.

ಕಾಸ್ಟಿಕ್ ಚರ್ಮವನ್ನೂ ಕಣ್ಣನ್ನೂ ಸುಡುವ ವಸ್ತುವೆಂಬುದನ್ನು ಗಿರಣಿಯವರಿಗೆ ಹೇಳಬೇಕಾಗಿಲ್ಲ. ಮನೆಯಲ್ಲಿ, ಮಕ್ಕಳ ಮುಂದೆ, ಈ ಪ್ರಯೋಗ ಬೇಡ. ಗಿರಣಿಯ ಸರಕನ್ನು ಮನೆಗೆ ತರುವುದಂತೂ ಬೇಡವೇ ಬೇಡ. ಇದನ್ನು ತಿಳಿವಳಿಕೆಗಾಗಿ ಮಾತ್ರ ಬರೆದಿದ್ದೇವೆ.

೬. ನೋಟಕ್ಕೆ ಒಂದೇ, ಗುಣಕ್ಕೆ ಬೇರೆ

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕಾಗಿದೆ. ಗುರುತು ಸಿಕ್ಕಿತೆಂದು ಯಾರೂ ಕಾಡಿನ ಗಡ್ಡವನ್ನು ಔಷಧಿಯಾಗಿ ನುಂಗಬಾರದು. ಉತ್ತರ ಅಮೆರಿಕದಲ್ಲಿ ಎರಡು ಬಗೆಯ ಬ್ರಯೋರಿಯಾಗಳಿವೆ. ಒಂದು ಕಂದು ಬಣ್ಣದ್ದು; ಅಲ್ಲಿನ ಮೂಲನಿವಾಸಿಗಳು ಬೇಯಿಸಿ ತಿನ್ನುತ್ತಿದ್ದರು. ಇನ್ನೊಂದು ಹಳದಿ ಛಾಯೆಯದು. ಅದರಲ್ಲಿ ವಲ್ಪಿನಿಕ್ ಆಮ್ಲವೆಂಬ ವಿಷವಿದೆ. ಎರಡನ್ನೂ ಪರೀಕ್ಷಿಸಿದಾಗ ಶಿಲೀಂಧ್ರವೂ ಅದೇ, ಪಾಚಿಯೂ ಅದೇ! ಹಾಗಾದರೆ ವಿಷ ಒಂದರಲ್ಲಿ ಮಾತ್ರ ಇರುವುದೇಕೆ? ೨೦೧೬ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಅವರ ಸಂಗಡಿಗರು ಹುಡುಕಿದಾಗ, ಹೊರಪದರದಲ್ಲಿ ಇನ್ನೊಂದು ಶಿಲೀಂಧ್ರವೂ, ಹಿಟ್ಟು ಹುಳಿಯಿಸುವ ಯೀಸ್ಟಿನಂತಹ ರೂಪದಲ್ಲಿ, ಅಡಗಿರುವುದು ಗೊತ್ತಾಯಿತು. ವಿಷವುಳ್ಳ ಬಗೆಯಲ್ಲಿ ಅದು ಹೆಚ್ಚಾಗಿತ್ತು. ಇಬ್ಬರ ಸಂಸಾರವೆಂದು ಸುಮಾರು ನೂರೈವತ್ತು ವರ್ಷ ಓದಿದ ಪಾಠಕ್ಕೆ ಹೀಗೆ ಮೂರನೆಯವರ ಹೆಸರೂ ಸೇರಿತು. ಅವರ ಪಾತ್ರವೇನೆಂಬ ವಿಚಾರಣೆ ಮುಂದುವರಿದಿದೆ.

ಉಸ್ನಿಯಾದಲ್ಲಿರುವ ಉಸ್ನಿಕ್ ಆಮ್ಲ ಕೆಲವು ರೋಗಾಣುಗಳನ್ನು ತಡೆಯುತ್ತದೆಂಬುದು ನಿಜ. ಆದರೆ ಅದೇ ಆಮ್ಲವನ್ನು ಬೆರೆಸಿ ಮೈ ಇಳಿಸುವ ಮಾತ್ರೆಯೆಂದು ಅಮೆರಿಕದಲ್ಲಿ ಮಾರಿದಾಗ, ತಿಂದವರಲ್ಲಿ ಕೆಲವರ ಯಕೃತ್ತು ಕೆಟ್ಟು, ೨೦೦೧ರಲ್ಲಿ ಅಲ್ಲಿನ ಸರಕಾರದ ಆಹಾರ ಮತ್ತು ಔಷಧ ಇಲಾಖೆ ಎಚ್ಚರಿಕೆ ಹೊರಡಿಸಬೇಕಾಯಿತು. ಮಸಾಲೆಗೆ ಒಂದು ಚಿಟಿಕೆ ಹಾಕುವುದು ಬೇರೆ, ಗುಳಿಗೆಯಾಗಿ ನುಂಗುವುದು ಬೇರೆ.

೭. ಗಾಳಿಯ ಸಾಕ್ಷಿ

ಕಲ್ಲುಹೂವನ್ನು ಗುರುತಿಸಲು ಬರುವುದರಿಂದ ನಮ್ಮಂತಹ ಪಟ್ಟಣವಾಸಿಗಳಿಗೇನು ಲಾಭವೆಂದು ಕೇಳಬಹುದು. ಲಾಭವುಂಟು. ಕಲ್ಲುಹೂವು ಗಾಳಿಯ ಸಾಕ್ಷಿ.

ಮರದ ಎಲೆಗೆ ಮೇಣದಂತಹ ಹೊದಿಕೆಯಿದೆ. ಕೆಟ್ಟ ಗಾಳಿಯನ್ನು ಸ್ವಲ್ಪಮಟ್ಟಿಗಾದರೂ ತಡೆಯುತ್ತದೆ. ಕಲ್ಲುಹೂವಿಗೆ ಆ ಹೊದಿಕೆಯಿಲ್ಲ. ಮಳೆ ತಂದದ್ದನ್ನೂ ಗಾಳಿ ತಂದದ್ದನ್ನೂ ಮೈಯೆಲ್ಲದರಿಂದ ಹೀರಿಕೊಳ್ಳುತ್ತದೆ. ಕಲ್ಲಿದ್ದಲು ಉರಿಸಿದಾಗ ಹೊರಡುವ ಗಂಧಕದ ಡೈಯಾಕ್ಸೈಡ್ ಎಂಬ ಅನಿಲ ಒಳಗೆ ಹೋದರೆ ಅಡಿಗೆ ಮಾಡುವ ಪಾಚಿ ಮೊದಲು ಸಾಯುತ್ತದೆ. ಅಡಿಗೆಯವನು ಹೋದ ಮೇಲೆ ಸಂಸಾರ ನಡೆಯುವುದಿಲ್ಲ. ಜೋಲುವ ಜಾತಿಗಳಲ್ಲಿ ಮೈಯೆಲ್ಲ ಗಾಳಿಗೇ ಒಡ್ಡಿದ್ದು. ಆದಕಾರಣ ಅವೇ ಮೊದಲು ಮಾಯವಾಗುತ್ತವೆ. ಎಲೆಯಂತಹವು ಆಮೇಲೆ, ಸುಣ್ಣದಂತೆ ಅಂಟಿದವು ಕೊನೆಗೆ.

ಇದನ್ನು ಮೊದಲು ಗಮನಿಸಿದವರಲ್ಲಿ ಮೇಲೆ ಹೇಳಿದ ನೈಲಾಂಡರರೂ ಒಬ್ಬರು. ಪ್ಯಾರಿಸಿನ ಲಕ್ಸೆಂಬರ್ಗ್ ತೋಟದಲ್ಲಿ ಪಟ್ಟಣದ ಬೇರೆಡೆ ಇಲ್ಲದ ಕಲ್ಲುಹೂವುಗಳಿರುವುದನ್ನು ಕಂಡು, ಇವು ಗಾಳಿಯ ಶುದ್ಧತೆಯನ್ನು ಅಳೆಯುವ ಸಾಧನವೆಂದು ೧೮೬೬ರಲ್ಲಿ ಬರೆದರು. ೧೯೭೦ರಲ್ಲಿ ಹಾಕ್ಸ್‌ವರ್ತ್ ಮತ್ತು ರೋಸ್ ಎಂಬಿಬ್ಬರು ಇಂಗ್ಲೆಂಡ್ ಮತ್ತು ವೇಲ್ಸ್‌ಗಾಗಿ ಸೊನ್ನೆಯಿಂದ ಹತ್ತರವರೆಗಿನ ಅಳತೆಗೋಲನ್ನೇ ಮಾಡಿದರು. ಸೊನ್ನೆಯಲ್ಲಿ ಮರ ಬರಿದು. ಅತಿ ಶುದ್ಧ ಗಾಳಿಯ ಹತ್ತನೆಯ ಮೆಟ್ಟಿಲಿನಲ್ಲಿ ಕೆಲವು ಉಸ್ನಿಯಾಗಳೂ ಹೊನ್ನಿನ ಟೆಲೋಸ್ಕಿಸ್ಟಿಸ್ಸೂ ಇವೆ.

ಆದರೆ ಇಲ್ಲಿ ಅವಸರದ ತೀರ್ಮಾನ ಬೇಡ. ಮುಂಬಯಿಯ ಬೀದಿಮರಗಳಲ್ಲಿ ಉಸ್ನಿಯಾ ಇಲ್ಲವೆಂದು ಎಲ್ಲವನ್ನೂ ಹೊಗೆಯ ತಲೆಗೆ ಕಟ್ಟಬಾರದು. ಸೆಕೆಯ ಬಯಲಿನಲ್ಲಿ, ಮಂಜಿಲ್ಲದ ಕಡೆ, ಅದು ಸಹಜವಾಗಿಯೇ ಬೆಳೆಯುವುದಿಲ್ಲ. ಹೋಲಿಕೆ ಮಾಡಬೇಕಾದದ್ದು ಒಂದೇ ಎತ್ತರದ, ಒಂದೇ ಮಳೆಯ ಎರಡು ಸ್ಥಳಗಳನ್ನು. ಬಾಬಾಬುಡನ್‌ಗಿರಿಯಲ್ಲಿಯೋ ಮಡಿಕೇರಿಯ ಸುತ್ತಲೋ ದಾರಿಬದಿಯ ಮರಗಳನ್ನೂ, ದಾರಿಯಿಂದ ಒಳಗಿನ ಮರಗಳನ್ನೂ ನೋಡಿ. ಒಳಗೆ ಗಡ್ಡವಿದ್ದು ವಾಹನಗಳ ಹೊಗೆ ತಾಗುವಲ್ಲಿ ಇಲ್ಲದಿದ್ದರೆ ವಿಚಾರ ಮಾಡತಕ್ಕ ವಿಷಯ. ಹತ್ತು ವರ್ಷದ ಹಿಂದೆ ಇದ್ದದ್ದು ಈಗ ಅದೇ ಮರದಲ್ಲಿ ಇಲ್ಲದಿದ್ದರೆ ಇನ್ನೂ ಹೆಚ್ಚಿನ ವಿಷಯ. ಕಿತ್ತಳೆತೋಟದ ಮಿತ್ರರ ಮನೆಯವರು ರೋಗವೆಂದು ಹೆದರಿದ ಆ ಗಡ್ಡ, ಅವರ ತೋಟದ ಗಾಳಿ ಉಸಿರಾಡಲು ಯೋಗ್ಯವಾಗಿದೆಯೆಂಬ ಪ್ರಮಾಣಪತ್ರವೂ ಆಗಬಹುದು.

೮. ಕೀಳದೆ ನೋಡುವುದು

ಕಲ್ಲುಹೂವು ಬಹಳ ನಿಧಾನವಾಗಿ ಬೆಳೆಯುತ್ತದೆ. ಎಲೆಯಂತಹ ಬಗೆಗಳಲ್ಲಿ ಹಲವು ವರ್ಷಕ್ಕೆ ಕೆಲವೇ ಮಿಲ್ಲಿಮೀಟರ್ ಬೆಳೆಯುವಂತಹವು. ಹತ್ತು ನಿಮಿಷದಲ್ಲಿ ಕಿತ್ತು ಚೀಲ ತುಂಬಿದ್ದು ಮತ್ತೆ ಬರಲು ಒಂದು ತಲೆಮಾರು ಬೇಕಾದೀತು. ಕುಮಾವೂಂ ಕಡೆ ಝೂಲಾ ಘಾಸ್ ಎಂಬ ಹೆಸರಿನಿಂದ ಇದನ್ನು ಕಾಡಿನಿಂದ ಸಂಗ್ರಹಿಸಿ ವ್ಯಾಪಾರ ಮಾಡುತ್ತಾರೆ; ಬಡವರಿಗೆ ಅದೊಂದು ಜೀವನೋಪಾಯ. ಕೊಂಬೆಯನ್ನೇ ಮುರಿದು ತರುವುದಕ್ಕೂ, ಬಿದ್ದದ್ದನ್ನು ಆಯ್ದು ತರುವುದಕ್ಕೂ ಬಹಳ ವ್ಯತ್ಯಾಸವಿದೆ. ಹಿಮಾಲಯದ ಕಸ್ತೂರಿಮೃಗಕ್ಕೆ ಹಿಮ ಬಿದ್ದ ಕಾಲದಲ್ಲಿ ಮರದ ಈ ಗಡ್ಡವೇ ಮೇವು ಎಂಬುದನ್ನೂ ನೆನೆಯಬೇಕು. ಜನರಿಗೆ ಇದರ ಪರಿಚಯವಾಗಲೆಂದು ಉತ್ತರಾಖಂಡದ ಅರಣ್ಯ ಇಲಾಖೆ ೨೦೨೦ರಲ್ಲಿ ಮುನ್ಸಿಯಾರಿಯಲ್ಲಿ ಕಲ್ಲುಹೂವಿನ ಉದ್ಯಾನವೊಂದನ್ನು ತೆರೆಯಿತು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಅಡಿಪಾಯ ಹಾಕಿದವರು ಲಖನೌ ವಿಶ್ವವಿದ್ಯಾಲಯದ ಧರಣಿ ಧರ್ ಅವಸ್ಥಿಯವರು. ಭಾರತ, ನೇಪಾಳ, ಶ್ರೀಲಂಕಾಗಳ ದೊಡ್ಡ ಕಲ್ಲುಹೂವುಗಳನ್ನು ಕುರಿತ ಅವರ ಗ್ರಂಥ ೨೦೦೭ರಲ್ಲಿ ಹೊರಬಂದಿತು. ಲಖನೌವಿನ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನ ಸಂಸ್ಥೆಯಲ್ಲಿ ಒಣಗಿಸಿದ ಮಾದರಿಗಳ ದೊಡ್ಡ ಭಂಡಾರವಿದೆ. ನಮಗೆ ಹತ್ತಿರದ ಪುಣೆಯ ಆಘಾರ್ಕರ್ ಸಂಶೋಧನ ಸಂಸ್ಥೆಯಲ್ಲಿಯೂ ಈ ಅಭ್ಯಾಸ ನಡೆದುಬಂದಿದೆ.

ಊರಿಗೆ ಹೋದಾಗ ಅಭ್ಯಾಸ ಮಾಡುವವರು ನಾಲ್ಕು ನಿಯಮಗಳನ್ನು ಪಾಲಿಸಬೇಕು. ನೆಲದ ಮೇಲೆ ಬಿದ್ದ ತುಂಡನ್ನು ಮಾತ್ರ ಎತ್ತಿಕೊಳ್ಳಿ. ಗಾಳಿಮಳೆಯ ಮಾರನೆಯ ದಿನ ಬೇಕಾದಷ್ಟು ಬಿದ್ದಿರುತ್ತದೆ. ಕುದುರೆಮುಖದಂತಹ ರಾಷ್ಟ್ರೀಯ ಉದ್ಯಾನಗಳಲ್ಲಿ ಬಿದ್ದದ್ದನ್ನೂ ತರಬೇಡಿ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪ್ಪಣೆಯಿಲ್ಲದೆ ತರುವುದು ಅಪರಾಧ. ಅಲ್ಲಿಯೇ ನೋಡಿ ಅಲ್ಲಿಯೇ ಬಿಡಿ. ಮರದ ಜಾತಿ, ಸ್ಥಳ, ದಿನಾಂಕಗಳನ್ನು ಆಗಲೇ ಬರೆದುಕೊಳ್ಳಿ. ಬರೆಯದ ಲೆಕ್ಕ ಲೆಕ್ಕವಲ್ಲ. ತಂದ ತುಂಡನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟದೆ ಕಾಗದದ ಪೊಟ್ಟಣದಲ್ಲಿಡಿ. ಇಲ್ಲದಿದ್ದರೆ ಬೂಷ್ಟು ಬರುತ್ತದೆ.

ಅಭ್ಯಾಸದ ಪ್ರಶ್ನೆಗಳು

೧. ನಿಮ್ಮ ಮನೆಯ ಕಲ್ಲುಹೂವಿನ ಪೊಟ್ಟಣದಲ್ಲಿ ಎಷ್ಟು ಬಗೆಯ ಚೂರುಗಳಿವೆ? ಎರಡು ಮಗ್ಗುಲಿನ ಬಣ್ಣವನ್ನು ನೋಡಿ ಬೇರ್ಪಡಿಸಿ.
೨. ಒಣ ಚೂರೊಂದನ್ನು ನೀರಿನಲ್ಲಿ ಅದ್ದಿದರೆ ಬಣ್ಣ ಬದಲಾಗುವುದೇಕೆ?
೩. ದುಂಡನೆಯ ಎಳೆ, ಬೂದುಹಸುರು ಬಣ್ಣ, ಎಳೆದರೆ ಹಿಗ್ಗುವ ಬಿಳಿಯ ನಡುದಾರ: ಇದು ಯಾವುದು? ನಡುದಾರವಿಲ್ಲದೆ ಕಪ್ಪಾಗಿದ್ದರೆ ಯಾವುದು?
೪. ಬದನಿಕೆಗೂ ಕಲ್ಲುಹೂವಿಗೂ ಇರುವ ಭೇದವನ್ನು ಊರಿನ ಮನೆಯವರಿಗೆ ಅರ್ಥವಾಗುವಂತೆ ಒಂದು ಕಾರ್ಡಿನಲ್ಲಿ ಬರೆಯಿರಿ.

ನಾಲ್ಕನೆಯ ಪ್ರಶ್ನೆಗೆ ಬರೆದ ಉತ್ತರವನ್ನು ವಾಚನಾಲಯಕ್ಕೆ ಕೊಡಬೇಕಾಗಿಲ್ಲ. ಊರಿಗೆ ಅಂಚೆಗೆ ಹಾಕಿದರೆ ಸಾಕು. ಉಳಿದ ಉತ್ತರಗಳನ್ನೂ, ಊರಿನಿಂದ ತಂದ ಬಿದ್ದ ತುಂಡುಗಳನ್ನೂ ಭಾನುವಾರ ಬೆಳಿಗ್ಗೆ ವಾಚನಾಲಯದ ಮೇಜಿಗೆ ತನ್ನಿರಿ. ಮಸೂರವನ್ನು ನಾವು ತಂದಿಟ್ಟಿರುತ್ತೇವೆ.